ಕಿಶೋರ ಕಾದಂಬರಿಯ ನಾಯಿಕೆ: ಪಾತ್ರವಿಕಾಸದ ಬೋಧನೆಯನ್ನು ಕುರಿತು ಕೆಲವು ವಿಚಾರಗಳು

೧

ಇಂಗ್ಲಿಷಿನ 'ಕ್ಯಾರೆಕ್ಟರ್' ಎಂಬ ಒಂದೇ ಶಬ್ದ ಎರಡು ಅರ್ಥಗಳನ್ನು ಹೊತ್ತು ನಡೆಯುತ್ತದೆ. ಕಥೆಯೊಳಗಿನ ವ್ಯಕ್ತಿಯೂ ಕ್ಯಾರೆಕ್ಟರ್. ಲೋಕದಲ್ಲಿ ಬಾಳುವ ವ್ಯಕ್ತಿಯ ನಡತೆಯೂ ಕ್ಯಾರೆಕ್ಟರ್. ಕನ್ನಡದಲ್ಲಿ ಇವೆರಡಕ್ಕೂ ಬೇರೆಬೇರೆ ಶಬ್ದಗಳುಂಟು. ಮೊದಲನೆಯದನ್ನು 'ಪಾತ್ರ'ವೆನ್ನುತ್ತೇವೆ, ಎರಡನೆಯದನ್ನು 'ಶೀಲ'ವೆಂದೋ 'ಚಾರಿತ್ರ್ಯ'ವೆಂದೋ ಕರೆಯುತ್ತೇವೆ. ಆದುದರಿಂದ ಪಾತ್ರದ ವಿಕಾಸವೇ ಬೇರೆ, ಶೀಲದ ಸಂವರ್ಧನೆಯೇ ಬೇರೆ ಎಂಬ ವಿವೇಕವು ಇಂಗ್ಲಿಷ್ ಉಪಾಧ್ಯಾಯರಿಗಿಂತ ನಮ್ಮ ಉಪಾಧ್ಯಾಯರಿಗೆ ಸುಲಭಸಾಧ್ಯವಾಗಬೇಕಾಗಿತ್ತು. ತರಗತಿಯ ಅನುಭವವಾದರೋ ಇದಕ್ಕೆ ವಿರುದ್ಧವಾಗಿದೆ. ಕಥೆಯ ನಾಯಕ ಹುಡುಗನಾದಾಗ ಅವನು ಏನನ್ನು ಕಂಡ, ಎಲ್ಲಿ ಎಡವಿದ, ಹೇಗೆ ಬೆಳೆದ ಎಂದು ಪ್ರಶ್ನೆಗಳು ಏಳುತ್ತವೆ. ನಾಯಿಕೆ ಹುಡುಗಿಯಾದಾಗ ಮಾತ್ರ ಪ್ರಶ್ನೆಯ ಧಾಟಿಯೇ ಬದಲಾಗುತ್ತದೆ: ಅವಳು ತನ್ನ ಕೋಪವನ್ನು ಗೆದ್ದಳೇ, ಮಾತನ್ನು ಕಡಮೆ ಮಾಡಿದಳೇ, ಮನೆಗೆ ಒದಗಿ ಬಂದಳೇ ಎಂದು ಕೇಳಲಾಗುತ್ತದೆ. ಅರ್ಥಾತ್ ಹುಡುಗನ ವಿಷಯದಲ್ಲಿ ವಿಕಾಸವೆಂದರೆ ಹಿಗ್ಗುವುದು. ಹುಡುಗಿಯ ವಿಷಯದಲ್ಲಿ ವಿಕಾಸವೆಂದರೆ ತಗ್ಗುವುದು.

ಈ ವ್ಯತ್ಯಾಸವು ಸಾಹಿತ್ಯಬೋಧನೆಯ ಒಂದು ಸಣ್ಣ ದೋಷವೆಂದು ತಳ್ಳಿಹಾಕಬಹುದಾದದ್ದಲ್ಲ. ಹೊರನಾಡಿನಲ್ಲಿ ನೆಲೆಸಿರುವ ನಮಗಂತೂ ಅದರ ಪರಿಣಾಮ ಗುರುತರವಾದುದು. ಮುಂಬಯಿ, ಪುಣೆ, ಹೈದರಾಬಾದು ಮೊದಲಾದ ನಗರಗಳಲ್ಲಿ ಬೆಳೆಯುತ್ತಿರುವ ನಮ್ಮ ಹೆಣ್ಣುಮಕ್ಕಳಲ್ಲಿ ಹಲವರು ಹನ್ನೆರಡು-ಹದಿಮೂರರ ವಯಸ್ಸಿನಲ್ಲಿ ಓದುವ ಕಾದಂಬರಿಗಳು ಇಂಗ್ಲಿಷಿನವು. ಅಲ್ಲಿನ ನಾಯಿಕೆಯರ ಆಸೆ, ಹಠ, ಸೋಲು, ಗೆಲವುಗಳನ್ನು ಅವರು ತಮ್ಮವೆಂದೇ ಬಗೆಯುತ್ತಾರೆ. ಕನ್ನಡವು ಅವರ ಕಿವಿಗೆ ಬೀಳುವುದು ಹೆಚ್ಚಾಗಿ ಮನೆಯ ಹಿರಿಯರ ಬುದ್ಧಿಮಾತಿನ ರೂಪದಲ್ಲಿ. ಹೀಗೆ ಬೆಳೆಯುವುದಕ್ಕೆ ಒಂದು ಭಾಷೆ, ಬಾಗುವುದಕ್ಕೆ ಇನ್ನೊಂದು ಭಾಷೆ ಎಂಬ ವಿಭಾಗ ಮಗುವಿನ ಮನಸ್ಸಿನಲ್ಲಿ ತಾನಾಗಿ ಏರ್ಪಡುತ್ತದೆ. ಇಂಥ ವಿಭಾಗ ಒಮ್ಮೆ ಏರ್ಪಟ್ಟಿತೆಂದರೆ ಆ ಹುಡುಗಿ ಮುಂದೆ ಕನ್ನಡವನ್ನು ಗೌರವಿಸಿಯಾಳು, ಆದರೆ ತನ್ನ ಅಂತರಂಗವನ್ನು ಅದರಲ್ಲಿ ತೋಡಿಕೊಳ್ಳಲಾರಳು. ಕಿಶೋರ ಕಾದಂಬರಿಯ ನಾಯಿಕೆಯನ್ನು ಹೇಗೆ ಪಾಠ ಹೇಳಬೇಕೆಂಬ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳುವುದಕ್ಕೆ ಇದೇ ಕಾರಣ.

೨

ನಮ್ಮ ಪ್ರಾಚೀನ ಅಲಂಕಾರಶಾಸ್ತ್ರದಲ್ಲಿ ನಾಯಿಕೆಯ ಚರ್ಚೆ ವಿಪುಲವಾಗಿದೆ. ಭರತನು ಎಂಟು ಅವಸ್ಥೆಗಳ ನಾಯಿಕೆಯರನ್ನು ಹೇಳಿದನು. ಅನಂತರದ ಲಾಕ್ಷಣಿಕರು ಮುಗ್ಧೆ, ಮಧ್ಯೆ, ಪ್ರಗಲ್ಭೆಯೆಂಬ ಭೇದಗಳನ್ನು ವಿಸ್ತರಿಸಿದರು. ಸೂಕ್ಷ್ಮವಾದ ಈ ವಿಂಗಡಣೆಯಲ್ಲಿ ಒಂದು ಅಂಶ ಗಮನಾರ್ಹವಾಗಿದೆ. ಇಲ್ಲಿ ನಾಯಿಕೆಯ ಸ್ಥಿತಿಯನ್ನು ಅಳೆಯುವ ಮಾನದಂಡ ನಾಯಕನೊಡನೆ ಅವಳಿಗಿರುವ ಸಂಬಂಧವೊಂದೇ. ಅವನು ಬಂದನೇ, ಬಾರದೆ ಹೋದನೇ, ವಂಚಿಸಿದನೇ ಎಂಬುದರ ಮೇಲೆ ಅವಳ ಹೆಸರು ನಿಲ್ಲುತ್ತದೆ. ಅವಸ್ಥೆಗಳುಂಟು, ಒಂದು ಅವಸ್ಥೆಯಿಂದ ಇನ್ನೊಂದಕ್ಕೆ ಅವಳು ಸ್ವಪ್ರಯತ್ನದಿಂದ ನಡೆದುಹೋಗುವ ದಾರಿಯ ವಿಚಾರ ಶಾಸ್ತ್ರದಲ್ಲಿಲ್ಲ. ಕವಿಗಳು ಮಾತ್ರ ಶಾಸ್ತ್ರವನ್ನು ಮೀರಿದ್ದಾರೆ. ಕಾಳಿದಾಸನ ಶಕುಂತಲೆ ಮೊದಲ ಅಂಕದಲ್ಲಿ ಬಾಯಿಬಿಡಲು ನಾಚುವವಳು. ಐದನೆಯ ಅಂಕದಲ್ಲಿ ತುಂಬಿದ ಸಭೆಯಲ್ಲಿ ರಾಜನನ್ನು ಧಿಕ್ಕರಿಸಿ ನುಡಿಯುವವಳು. ಈ ಎರಡು ಅಂಕಗಳ ನಡುವಣ ದೂರವೇ ಪಾತ್ರವಿಕಾಸ.

ಪಾಶ್ಚಾತ್ಯ ವಿಮರ್ಶೆಯಲ್ಲಿ ಈ ವಿಷಯಕ್ಕೆ ಇ. ಎಂ. ಫಾರ್ಸ್ಟರನು ೧೯೨೭ರಲ್ಲಿ ಪ್ರಕಟಿಸಿದ ಕಾದಂಬರಿಯ ಸ್ವರೂಪವನ್ನು ಕುರಿತ ಉಪನ್ಯಾಸಗಳು ಪ್ರಸಿದ್ಧವಾಗಿವೆ. ಚಪ್ಪಟೆಯಾದ ಪಾತ್ರ, ದುಂಡಾದ ಪಾತ್ರ ಎಂಬ ಅವನ ವಿಭಾಗವನ್ನು ನಮ್ಮ ಪಾಠಶಾಲೆಗಳೂ ಸ್ವೀಕರಿಸಿವೆ. ನಂಬುವಂತೆ ನಮ್ಮನ್ನು ಅಚ್ಚರಿಗೊಳಿಸಬಲ್ಲ ಪಾತ್ರವೇ ದುಂಡಾದದ್ದೆಂಬುದು ಅವನ ಇಂಗಿತ. ಇದು ಒಳ್ಳೆಯ ಒರೆಗಲ್ಲು. ಆದರೆ ಹದಿಹರೆಯದ ಓದುಗರಿಗೆ ಇದಿಷ್ಟೇ ಸಾಲದು. ಅವರಿಗೆ ಪಾತ್ರವು ಬದಲಾಯಿತೆಂಬುದು ಬೇಗ ತಿಳಿಯುತ್ತದೆ. ಬದಲಾವಣೆಯೆಲ್ಲವೂ ಬೆಳವಣಿಗೆಯಲ್ಲ ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಸಲು ಮೂರು ಪ್ರಶ್ನೆಗಳು ಸಾಕೆಂದು ನಮ್ಮ ಅಭಿಪ್ರಾಯ. ನಾಯಿಕೆಯಲ್ಲಿ ಆದ ಬದಲಾವಣೆಯನ್ನು ಆರಿಸಿಕೊಂಡವರು ಯಾರು? ಅದರಿಂದ ಅವಳು ಪಡೆದುದೇನು, ಅದಕ್ಕಾಗಿ ತೆತ್ತುದೇನು? ಅವಳೊಬ್ಬಳೇ ಬದಲಾದಳೋ, ಅವಳ ಸುತ್ತಣವರೂ ಬದಲಾದರೋ? ಪ್ರಸಿದ್ಧವಾದ ಕೆಲವು ಕೃತಿಗಳನ್ನು ಈ ಪ್ರಶ್ನೆಗಳ ಬೆಳಕಿನಲ್ಲಿ ನೋಡೋಣ.

೩

ಅಮೆರಿಕದ ಲೂಯಿಸಾ ಮೇ ಆಲ್ಕಾಟಳ 'ಲಿಟಲ್ ವಿಮೆನ್' ಕಾದಂಬರಿಯ ಮೊದಲ ಭಾಗ ೧೮೬೮ರಲ್ಲಿ, ಎರಡನೆಯ ಭಾಗ ೧೮೬೯ರಲ್ಲಿ ಹೊರಬಿದ್ದವು. ಹುಡುಗಿಯರಿಗಾಗಿ ಒಂದು ಪುಸ್ತಕ ಬೇಕೆಂದು ಪ್ರಕಾಶಕರು ಕೇಳಿದಾಗ ಅವಳು ಅಷ್ಟೇನೂ ಉತ್ಸಾಹವಿಲ್ಲದೆ, ಸಂಸಾರದ ಹಣದ ಅಡಚಣೆಯಿಂದ ಬರೆಯತೊಡಗಿದಳು. ತಂದೆ ಅಂತರ್ಯುದ್ಧಕ್ಕೆ ಹೋಗಿರುವ ಬಡಮನೆಯಲ್ಲಿ ನಾಲ್ವರು ಅಕ್ಕತಂಗಿಯರು. ಅವರಲ್ಲಿ ಎರಡನೆಯವಳಾದ ಜೋ ಕಥಾನಾಯಿಕೆ. ಹದಿನೈದರ ಈ ಹುಡುಗಿಗೆ ಬರವಣಿಗೆಯ ಹುಚ್ಚು, ಕೋಪ ಬಹಳ. ಬನಿಯನನ ಧಾರ್ಮಿಕ ರೂಪಕಕಾವ್ಯದ ಮಾದರಿಯಲ್ಲಿ ಪ್ರತಿಯೊಬ್ಬ ಹುಡುಗಿಗೂ ಒಂದೊಂದು ಹೊರೆಯನ್ನು ಕಟ್ಟಿ, ಅದನ್ನು ಇಳಿಸಿಕೊಳ್ಳುವ ಯಾತ್ರೆಗೆ ಕಾದಂಬರಿ ಅವರನ್ನು ಹೊರಡಿಸುತ್ತದೆ. ಆದುದರಿಂದ ಈ ಗ್ರಂಥದಲ್ಲಿ ನೀತಿಯ ಉದ್ದೇಶವೇ ಇಲ್ಲವೆಂದು ವಾದಿಸುವುದು ಸತ್ಯಕ್ಕೆ ದೂರ. ಉದ್ದೇಶವಿದೆ, ಆದರೆ ಕೃತಿಯ ಜೀವವು ಉದ್ದೇಶದ ಚೌಕಟ್ಟನ್ನು ಹಲವು ಕಡೆ ಮೀರಿ ಹರಿದಿದೆ.

ನಾಟಕಕ್ಕೆ ತನ್ನನ್ನು ಕರೆದೊಯ್ಯಲಿಲ್ಲವೆಂಬ ಸಿಟ್ಟಿನಿಂದ ಕಿರಿಯ ತಂಗಿ ಏಮಿ ಜೋಳ ಹಸ್ತಪ್ರತಿಯನ್ನು ಸುಟ್ಟುಹಾಕುತ್ತಾಳೆ. ಜೋ ಕ್ಷಮಿಸುವುದಿಲ್ಲ. ಮರುದಿನ ಹೆಪ್ಪುಗಟ್ಟಿದ ಹೊಳೆಯ ಮೇಲೆ ಜಾರಾಟಕ್ಕೆ ಹೋದಾಗ, ನಡುವಿನ ಮಂಜು ತೆಳ್ಳಗಿದೆಯೆಂದು ತಿಳಿದಿದ್ದೂ ಹಿಂದೆ ಬರುತ್ತಿದ್ದ ತಂಗಿಗೆ ಅದನ್ನು ಹೇಳದೆ ಮುಂದೆ ಸಾಗುತ್ತಾಳೆ. ಏಮಿ ನೀರಿಗೆ ಬೀಳುತ್ತಾಳೆ, ಬದುಕುತ್ತಾಳೆ. ಆ ರಾತ್ರಿ ಜೋಳ ಪಶ್ಚಾತ್ತಾಪವನ್ನು ಕೇಳಿದ ತಾಯಿ, ತಾನೂ ಅಂಥ ಕೋಪದವಳೇ, ನಲವತ್ತು ವರ್ಷಗಳಿಂದ ಅದನ್ನು ಹಿಡಿತಕ್ಕೆ ತರಲು ಹೆಣಗುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತಾಳೆ. ಕೋಪ ಕೆಟ್ಟದ್ದೆಂಬ ನೀತಿಯನ್ನು ಈ ಅಧ್ಯಾಯದಿಂದ ಹಿಂಡಿ ತೆಗೆಯುವುದು ಅತಿ ಸುಲಭ. ಅಷ್ಟಕ್ಕೇ ನಿಲ್ಲಿಸಿದರೆ ಅದರ ಸಾರವೇ ಸೋರಿಹೋಗುತ್ತದೆ. ಸದಾ ಶಾಂತಳಾಗಿ ಕಾಣುತ್ತಿದ್ದ ತಾಯಿಯ ಒಳಗೆ ಇಷ್ಟು ಕಾಲದ ಹೋರಾಟ ನಡೆದಿತ್ತೆಂಬುದು ಜೋಗೂ ವಾಚಕರಿಗೂ ಹೊಸ ದರ್ಶನ. ಶಾಂತಿಯು ಹೆಣ್ಣಿಗೆ ಹುಟ್ಟುಗುಣವಲ್ಲ, ದುಬಾರಿಯಾಗಿ ಕೊಂಡದ್ದು ಎಂದು ಆ ತಾಯಿ ಹೇಳಿದಂತಾಯಿತು. ಏನನ್ನು ಕೊಟ್ಟು ಕೊಂಡಳು ಎಂದು ವಿದ್ಯಾರ್ಥಿನಿ ಕೇಳಿದರೆ ಉಪಾಧ್ಯಾಯರು ಆ ಪ್ರಶ್ನೆಯನ್ನು ಅಡಗಿಸಬಾರದು.

ಈ ಸುಡುವಿಕೆಗೆ ಪ್ರತಿಯಾಗಿ ಎರಡನೆಯ ಭಾಗದಲ್ಲಿ ಇನ್ನೊಂದು ಸುಡುವಿಕೆ ಬರುತ್ತದೆ. ನ್ಯೂಯಾರ್ಕಿಗೆ ಹೋದ ಜೋ ಹಣಕ್ಕಾಗಿ ಪತ್ರಿಕೆಗಳಿಗೆ ರೋಮಾಂಚಕಾರಿ ಕಥೆಗಳನ್ನು ಬರೆಯುತ್ತಾಳೆ. ಅಂಥ ಕಥೆಗಳನ್ನು ಪ್ರೊಫೆಸರ್ ಬೇರ್ ಖಂಡಿಸಿದುದನ್ನು ಕೇಳಿ ನಾಚಿ, ಅವನ್ನೆಲ್ಲ ತಾನೇ ಒಲೆಗೆ ಹಾಕುತ್ತಾಳೆ. ಮೊದಲ ಸಲ ಸುಟ್ಟವಳು ತಂಗಿ; ಅದು ಅಪರಾಧವೆನಿಸಿತು. ಎರಡನೆಯ ಸಲ ಸುಟ್ಟವಳು ತಾನು, ಅದು ವಿಕಾಸವೆನಿಸಿತು. ಆದರೆ ಸುಡಬೇಕೆಂಬ ತೀರ್ಪು ಜೋಳದೋ, ಬೇರನದೋ? ತರಗತಿಯಲ್ಲಿ ಚರ್ಚಿಸಬೇಕಾದ ಪ್ರಶ್ನೆ ಇದು. ಇದಕ್ಕೆ ಕರ್ತೃವಿನ ಜೀವನವೇ ಒಂದು ವಿಚಿತ್ರ ಟಿಪ್ಪಣಿಯನ್ನು ಒದಗಿಸಿದೆ. ಆಲ್ಕಾಟಳೂ ಅಂಥ ಕಥೆಗಳನ್ನು ಎ. ಎಂ. ಬರ್ನಾರ್ಡ್ ಎಂಬ ಕಾವ್ಯನಾಮದಿಂದ ಬರೆದಿದ್ದಳೆಂಬುದನ್ನು ಲಿಯೋನಾ ರಾಸ್ಟೆನ್‌ಬರ್ಗ್ ೧೯೪೩ರಲ್ಲಿ ಬೆಳಕಿಗೆ ತಂದಳು. ಮೆಡಲೀನ್ ಸ್ಟರ್ನ್ ೧೯೭೫ರಲ್ಲಿ ಅವುಗಳಲ್ಲಿ ಕೆಲವನ್ನು ಸಂಕಲಿಸಿ ಪ್ರಕಟಿಸಿದಳು. ನಾಯಿಕೆ ಸುಟ್ಟುದನ್ನು ಕರ್ತೃ ಸುಟ್ಟಿರಲಿಲ್ಲ. ಬೇರೆ ಹೆಸರಿನ ಮರೆಯಲ್ಲಿ ಬಚ್ಚಿಟ್ಟಿದ್ದಳು.

ಜೋಳ ವಿವಾಹದ ಪ್ರಸಂಗವೂ ಇಂಥದೇ. ಮೊದಲ ಭಾಗವನ್ನೋದಿದ ಹುಡುಗಿಯರು ಅಕ್ಕತಂಗಿಯರು ಯಾರನ್ನು ವರಿಸಿದರೆಂದು ಕೇಳಿ ಕಾಗದ ಬರೆಯತೊಡಗಿದರು. ಹೆಣ್ಣಿನ ಬಾಳಿಗೆ ಅದೊಂದೇ ಗುರಿಯೆಂಬಂತೆ ಕೇಳುತ್ತಾರೆಂದು ಆಲ್ಕಾಟಳು ತನ್ನ ದಿನಚರಿಯಲ್ಲಿ ಬೇಸರಪಟ್ಟಳು. ಯಾರನ್ನೂ ಮೆಚ್ಚಿಸಲು ಜೋಳನ್ನು ನೆರೆಮನೆಯ ಲಾರಿಗೆ ಕೊಡುವುದಿಲ್ಲವೆಂದು ನಿಶ್ಚಯಿಸಿದಳು. ಆಜೀವ ಅವಿವಾಹಿತೆಯಾಗಿದ್ದ ಅವಳು ತನ್ನ ನಾಯಿಕೆಯನ್ನು ಹಾಗೆಯೇ ಉಳಿಸಲಾರದೆ, ನಡುವಯಸ್ಸಿನ ಬಡ ಪ್ರೊಫೆಸರನಿಗೆ ಕೊಟ್ಟಳು. ಹುಡುಗಿ ಹೇಗೆ ಬೆಳೆಯಬೇಕೆಂಬುದನ್ನು ಕರ್ತೃವೊಬ್ಬಳೇ ನಿರ್ಧರಿಸುವುದಿಲ್ಲ. ಪ್ರಕಾಶಕರು, ಓದುಗರು, ಮಾರುಕಟ್ಟೆ ಎಲ್ಲರೂ ಅದರಲ್ಲಿ ಪಾಲುದಾರರು. ಹದಿನಾಲ್ಕು ವರ್ಷದ ವಿದ್ಯಾರ್ಥಿನಿಗೆ ಇದನ್ನು ತಿಳಿಸಿದರೆ ಕಥೆಯ ಸವಿ ಕೆಡುವುದೆಂಬ ಅಂಜಿಕೆ ಬೇಡ. ಪಾತ್ರವೆಂಬುದು ಒಬ್ಬರು ಮಾಡಿದ್ದು, ಬೇರೆ ರೀತಿಯಲ್ಲೂ ಮಾಡಬಹುದಾಗಿತ್ತು ಎಂಬ ಅರಿವೇ ವಿಮರ್ಶೆಯ ಮೊದಲ ಮೆಟ್ಟಲು.

೪

ಕೆನಡಾದ ಎಲ್. ಎಂ. ಮಾಂಟ್‌ಗಮರಿಯ 'ಆ್ಯನ್ ಆಫ್ ಗ್ರೀನ್ ಗೇಬಲ್ಸ್' ೧೯೦೮ರಲ್ಲಿ ಪ್ರಕಟವಾಯಿತು. ಹೊಲದ ಕೆಲಸಕ್ಕೆ ಹುಡುಗನೊಬ್ಬ ಬೇಕೆಂದು ಹೇಳಿಕಳುಹಿಸಿದ ಅಣ್ಣತಂಗಿಯರ ಮನೆಗೆ ತಪ್ಪಿ ಬಂದ ಹನ್ನೊಂದು ವರ್ಷದ ಅನಾಥೆ ಆ್ಯನ್. ಬೇಡದವಳಾಗಿ ಬಂದವಳು ಬೇಕಾದವಳಾಗುವ ಈ ಕಥೆಯಲ್ಲಿ ನಮ್ಮ ಮೂರನೆಯ ಪ್ರಶ್ನೆಗೆ ಅತ್ಯುತ್ತಮ ನಿದರ್ಶನಗಳು ದೊರೆಯುತ್ತವೆ. ಮರಿಲಾಳ ರತ್ನದ ಸೂಜಿ ಕಾಣೆಯಾದಾಗ ಅವಳು ಆ್ಯನಳನ್ನೇ ಶಂಕಿಸುತ್ತಾಳೆ. ತಪ್ಪನ್ನೊಪ್ಪುವವರೆಗೆ ಕೋಣೆಬಿಟ್ಟು ಕದಲಬಾರದೆಂದು ವಿಧಿಸುತ್ತಾಳೆ. ವನಭೋಜನಕ್ಕೆ ಹೋಗಲೇಬೇಕೆಂಬ ಆಸೆಯಿಂದ ಹುಡುಗಿ, ಮಾಡದ ತಪ್ಪನ್ನು ಬಹು ಸೊಗಸಾಗಿ ಕಲ್ಪಿಸಿ ಒಪ್ಪಿಕೊಳ್ಳುತ್ತಾಳೆ! ಕೊನೆಗೆ ಸೂಜಿ ಮರಿಲಾಳ ಶಾಲಿಗೇ ಸಿಕ್ಕಿಕೊಂಡಿರುವುದು ಕಾಣುತ್ತದೆ. ಬಲಾತ್ಕಾರದಿಂದ ಪಡೆದ ತಪ್ಪೊಪ್ಪಿಗೆಗೆ ಬೆಲೆಯಿಲ್ಲವೆಂಬ ಪಾಠ ಇಲ್ಲಿ ಮಗುವಿಗಾಗುವುದಿಲ್ಲ, ಹಿರಿಯಳಿಗಾಗುತ್ತದೆ. ಇಡೀ ಕಾದಂಬರಿಯನ್ನು ಪರಿಶೀಲಿಸಿದರೆ ಆ್ಯನಳಿಗಿಂತ ಮರಿಲಾಳೇ ಹೆಚ್ಚು ಬೆಳೆದಳೆಂದು ತೋರುತ್ತದೆ. ನಗಲು, ಕ್ಷಮಿಸಲು, ಪ್ರೀತಿಯನ್ನು ಬಾಯಿಬಿಟ್ಟು ಹೇಳಲು ಕಲಿತವಳು ಅವಳು.

ಆದರೆ ಲೆಕ್ಕದ ಇನ್ನೊಂದು ಬದಿಯೂ ಉಂಟು. ಮೊದಲು ಎಡೆಬಿಡದೆ ಮಾತಾಡುತ್ತಿದ್ದ ಆ್ಯನ್ ಬೆಳೆಯುತ್ತ ಮಿತಭಾಷಿಣಿಯಾಗುತ್ತಾಳೆ. ಮರಿಲಾಳೇ ಅದನ್ನು ಗಮನಿಸಿ ಕೇಳುತ್ತಾಳೆ. ಪ್ರಿಯವಾದ ಭಾವನೆಗಳನ್ನು ಮನಸ್ಸಿನಲ್ಲೇ ಇರಿಸಿಕೊಳ್ಳುವುದು ಲೇಸೆನಿಸುತ್ತದೆ ಎಂಬ ಅರ್ಥದ ಉತ್ತರ ಬರುತ್ತದೆ. ಇದು ಪ್ರೌಢತೆಯೋ, ನಷ್ಟವೋ? ಎರಡೂ ಇರಬಹುದು. ಕೊನೆಯಲ್ಲಿ, ಹಣವಿಟ್ಟಿದ್ದ ಬ್ಯಾಂಕು ಮುರಿದ ಸುದ್ದಿಯಿಂದ ಮ್ಯಾಥ್ಯೂ ತೀರಿಕೊಂಡಾಗ, ಕಣ್ಣು ಮಂದವಾಗುತ್ತಿದ್ದ ಮರಿಲಾಳಿಗಾಗಿ ಆ್ಯನ್ ತಾನು ಗಳಿಸಿದ ವಿದ್ಯಾರ್ಥಿವೇತನವನ್ನು ಬಿಟ್ಟುಕೊಡುತ್ತಾಳೆ. ಇದನ್ನು ಬರಿಯ ತ್ಯಾಗವೆಂದು ಕೊಂಡಾಡಿ ಪಾಠ ಮುಗಿಸುವ ಪದ್ಧತಿ ಸರಿಯಲ್ಲ. ಮರಿಲಾ ಅವಳನ್ನು ತಡೆಯುತ್ತಾಳೆ. ಆದರೂ ಆ್ಯನ್ ತನ್ನ ನಿರ್ಧಾರವನ್ನು ತಾನೇ ಮಾಡುತ್ತಾಳೆ. ಮನೆಯಲ್ಲಿದ್ದೇ ಓದನ್ನು ಮುಂದುವರಿಸುವ ಬಗೆಯನ್ನೂ ಯೋಚಿಸಿರುತ್ತಾಳೆ. ೧೯೧೫ರಲ್ಲಿ ಬಂದ ಮುಂದಿನ ಸಂಪುಟವೊಂದರಲ್ಲಿ ಕಾಲೇಜಿಗೂ ಹೋಗುತ್ತಾಳೆ. ಹೇರಿದ ತ್ಯಾಗಕ್ಕೂ ಆರಿಸಿಕೊಂಡ ತ್ಯಾಗಕ್ಕೂ ಇರುವ ಅಂತರವನ್ನು ಈ ಪ್ರಸಂಗದಿಂದ ಸ್ಫುಟವಾಗಿ ತೋರಿಸಬಹುದು.

ಫ್ರಾನ್ಸೆಸ್ ಹಾಡ್ಸನ್ ಬರ್ನೆಟ್ಟಳ 'ದ ಸೀಕ್ರೆಟ್ ಗಾರ್ಡನ್' ೧೯೧೧ರ ಕೃತಿ. ಭಾರತೀಯ ವಾಚಕರಿಗೆ ಇದರಲ್ಲಿ ವಿಶೇಷ ಕುತೂಹಲವುಂಟು. ಏಕೆಂದರೆ ನಾಯಿಕೆ ಮೇರಿ ಹುಟ್ಟಿ ಬೆಳೆದದ್ದು ಭಾರತದಲ್ಲಿ. ಕಾಲರಾ ರೋಗದಿಂದ ತಂದೆತಾಯಿಗಳು ಸತ್ತ ಮೇಲೆ ಇಂಗ್ಲೆಂಡಿನ ಯಾರ್ಕ್‌ಷೈರಿಗೆ ಬರುತ್ತಾಳೆ. ಸಿಡುಕಿನ, ರೋಗಿಷ್ಠ ಹುಡುಗಿ ಅಲ್ಲಿ ಮುಚ್ಚಿಹೋದ ತೋಟವೊಂದನ್ನು ಕಂಡುಹಿಡಿದು, ಮಣ್ಣಗೆಯ್ದು, ತಾನೂ ಚಿಗುರುತ್ತಾಳೆ. ಉಪದೇಶದಿಂದಲ್ಲ, ಕೆಲಸದಿಂದ ಮಗು ಬದಲಾಗುವುದನ್ನು ಇಷ್ಟು ನಂಬಲರ್ಹವಾಗಿ ತೋರಿಸಿದ ಪುಸ್ತಕಗಳು ವಿರಳ. ಆದರೆ ಅವಳ ಸಿಡುಕಿಗೂ ಬಿಳಿಚಿದ ಮೈಬಣ್ಣಕ್ಕೂ ಭಾರತದ ಹವೆಯೂ ಅಲ್ಲಿನ ಸೇವಕರ ವಿಧೇಯತೆಯೂ ಕಾರಣವೆಂಬ ಧ್ವನಿ ಪುಸ್ತಕದುದ್ದಕ್ಕೂ ಕೇಳಿಸುತ್ತದೆ. ಆ ಸೇವಕರಿಗೆ ಇಲ್ಲಿ ವಿಕಾಸವಿಲ್ಲ. ಬೇರೊಬ್ಬರ ವಿಕಾಸಕ್ಕೆ ಅವರು ಹಿನ್ನೆಲೆ ಮಾತ್ರ. ಇನ್ನೊಂದು ಕೊರತೆ ರಚನೆಗೆ ಸಂಬಂಧಿಸಿದ್ದು. ಉತ್ತರಾರ್ಧದಲ್ಲಿ ಕಥೆ ರೋಗಿಯಾದ ಹುಡುಗ ಕಾಲಿನನ ಕಡೆಗೆ ತಿರುಗುತ್ತದೆ. ಅವನು ಎದ್ದು ಓಡುವುದೂ ತಂದೆ ಅವನನ್ನು ಕಾಣುವುದೂ ಮುಕ್ತಾಯವಾಗುತ್ತದೆ. ತೋಟದ ಬಾಗಿಲನ್ನು ತೆರೆದವಳು ಕೊನೆಯ ಪುಟಗಳಲ್ಲಿ ಹೆಚ್ಚುಕಡಮೆ ಕಾಣೆಯಾಗುತ್ತಾಳೆ. ಎಲ್ಲಿಂದ ಮೇರಿ ಮರೆಯಾದಳು ಎಂದು ವಿದ್ಯಾರ್ಥಿಗಳೇ ಪುಟ ತಿರುವಿ ಗುರುತಿಸುವಂತೆ ಮಾಡಿದರೆ, ಗಂಟೆಗಟ್ಟಲೆ ಉಪನ್ಯಾಸಕ್ಕಿಂತ ಹೆಚ್ಚು ಫಲವಾದೀತು.

೫

ಕನ್ನಡದಲ್ಲಿ ಈ ಬಗೆಯ ನಾಯಿಕೆಯರು ಏಕೆ ವಿರಳ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ನಮ್ಮಲ್ಲಿ ಶಿಶುಸಾಹಿತ್ಯವಿದೆ, ಸಮೃದ್ಧವಾದ ಕಾದಂಬರಿ ಸಾಹಿತ್ಯವಿದೆ. ನಡುವಣ ಕಪಾಟು ಬಹುಮಟ್ಟಿಗೆ ಬರಿದು. ಇದಕ್ಕೆ ಲೇಖಕರ ಅನಾಸಕ್ತಿಯೊಂದೇ ಕಾರಣವಲ್ಲ. ಕಿಶೋರಿಯ ಕಥೆ ಹುಟ್ಟಬೇಕಾದರೆ ಕಿಶೋರಿಯೆಂಬವಳು ಸಮಾಜದಲ್ಲಿ ಇರಬೇಕು. ಎಳೆತನಕ್ಕೂ ವಿವಾಹಕ್ಕೂ ನಡುವೆ ಕೆಲವು ವರ್ಷಗಳ ತೆರವು ಬೇಕು. ಜೋಗೆ ಆ ತೆರವು ೧೮೬೮ರಲ್ಲಿಯೇ ಇತ್ತು. ನಮ್ಮ ಕಡೆಯಾದರೋ ಮೈಸೂರು ಸಂಸ್ಥಾನವು ೧೮೯೪ರಲ್ಲಿ ಶಾಸನ ಮಾಡಿ ನಿಷೇಧಿಸಿದುದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು. ಬ್ರಿಟಿಷ್ ಭಾರತದಲ್ಲಿ ೧೯೨೯ರ ಶಾರದಾ ಕಾಯಿದೆ ಹುಡುಗಿಯ ಕನಿಷ್ಠ ವಯಸ್ಸನ್ನು ೧೪ಕ್ಕೆ ಏರಿಸಿತು. ೧೯೪೯ರಲ್ಲಿ ಅದು ೧೫ ಆಯಿತು. ೧೯೭೮ರಲ್ಲಿ ೧೮ ಆಯಿತು. ಈ ಅಂಕಿಗಳನ್ನು ಒಂದರ ಕೆಳಗೊಂದು ಬರೆದರೆ ಕನ್ನಡ ಕಿಶೋರಿಯ ಹುಟ್ಟಿನ ಇತಿಹಾಸವೇ ಕಣ್ಣಿಗೆ ಕಟ್ಟುತ್ತದೆ. ಅವಳ ವಯಸ್ಸನ್ನು ಸಾಹಿತ್ಯಕ್ಕಿಂತ ಮೊದಲು ಕಾನೂನು ಬಿಡಿಸಿಕೊಡಬೇಕಾಯಿತು.

ಹೀಗಿದ್ದೂ ನಮ್ಮಲ್ಲಿ ಒಬ್ಬ ನಾಯಿಕೆ ಕಾನೂನಿಗಿಂತ ಮುಂಚೆಯೇ ಆ ತೆರವನ್ನು ಪಡೆದುಕೊಂಡಿದ್ದಾಳೆ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ೧೮೯೯ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕಾದಂಬರಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಅದಕ್ಕೆ ಖ್ಯಾತಿಯುಂಟು. 'ಸದ್ಧರ್ಮವಿಜಯ'ವೆಂಬ ಎರಡನೆಯ ಹೆಸರೂ ಉಂಟು. ಕೌಚ್‌ಮನ್ ಎಂಬ ಆಂಗ್ಲ ಅಧಿಕಾರಿ ೧೯೦೩ರಲ್ಲಿಯೇ ಅದನ್ನು ಇಂಗ್ಲಿಷಿಗೆ ತಿರುಗಿಸಿದನು. ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರ ಹೊಸ ಭಾಷಾಂತರ ೨೦೧೯ರಲ್ಲಿ ಬಂದಿದೆ. ಎಳೆಯ ವಯಸ್ಸಿನಲ್ಲಿ ವಿಧವೆಯಾದ ಇಂದಿರೆಯನ್ನು ಹೆತ್ತವರು ಭಕ್ತಿಯ ಹೆಸರಿನಲ್ಲಿ ಕಪಟ ಸಂತರ ಸಹವಾಸಕ್ಕೆ ದೂಡಲು ನೋಡುತ್ತಾರೆ. ಅವಳು ಒಪ್ಪದೆ ಮನೆ ತೊರೆದು, ಸುಧಾರಕನಾದ ಅಮೃತರಾಯನ ಆಶ್ರಯಕ್ಕೆ ಹೋಗುತ್ತಾಳೆ, ವಿದ್ಯೆ ಕಲಿಯುತ್ತಾಳೆ, ಕೊನೆಗೆ ವಿದ್ಯಾವಂತನಾದ ಭಾಸ್ಕರರಾಯನನ್ನು ವರಿಸುತ್ತಾಳೆ. ಪುನರ್ವಿವಾಹಕ್ಕೆ ೧೮೫೬ರ ಕಾಯಿದೆಯ ಬೆಂಬಲವಿದ್ದರೂ ಜಾತಿಯ ಬೆಂಬಲವಿರಲಿಲ್ಲ.

ವಿಮರ್ಶಕರು ಈ ಕೃತಿಯನ್ನು ಸುಧಾರಣೆಯ ದಾಖಲೆಯೆಂದು ಓದಿದ್ದಾರೆ, ಅದು ಸರಿಯೇ. ಪಾತ್ರವಿಕಾಸದ ದೃಷ್ಟಿಯಿಂದ ಓದಿದಾಗ ಮಾತ್ರ ಒಂದು ಕ್ರೂರವಾದ ವ್ಯಂಗ್ಯ ಕಾಣಿಸಿಕೊಳ್ಳುತ್ತದೆ. ಇಂದಿರೆಗೆ ಓದುವ ವಯಸ್ಸು ದೊರೆತದ್ದು ಅವಳು ವಿಧವೆಯಾದುದರಿಂದ. ಗಂಡನಿದ್ದಿದ್ದರೆ ಅವಳು ಹದಿನೈದಕ್ಕೆ ಗೃಹಿಣಿ, ಕಥೆಯೇ ಇರುತ್ತಿರಲಿಲ್ಲ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯ ನಾಯಿಕೆಯ ಯೌವನವನ್ನು ಮರಣವೊಂದು ಕೊಡಬೇಕಾಯಿತು. ಅವಳ ವಿಕಾಸದ ನಿರ್ಣಾಯಕ ಘಟ್ಟ ಮನೆಯ ಹೊಸಲನ್ನು ದಾಟಿದ ಗಳಿಗೆ. ಅಲ್ಲಿ ಅವಳು ತಗ್ಗಲಿಲ್ಲ. ಹೆತ್ತವರ ಮಾತನ್ನು ಮೀರಿದಳು. ಆಶ್ಚರ್ಯವೆಂದರೆ, ಮೀರಿದುದೇ ಇಲ್ಲಿ ಶೀಲರಕ್ಷಣೆ. ವಿಧೇಯತೆಯೇ ಶೀಲವೆಂಬ ಸಮೀಕರಣವನ್ನು ನಮ್ಮ ಕಾದಂಬರಿ ತನ್ನ ಆರಂಭದಲ್ಲಿಯೇ ಮುರಿದಿತ್ತೆಂಬುದನ್ನು ನಾವು ಮಕ್ಕಳಿಗೆ ಹೇಳದಿರುವುದು ವಿಷಾದಕರ. ಕೃತಿಗೆ ಮಿತಿಗಳಿಲ್ಲವೆಂದಲ್ಲ. ಮನೆ ಬಿಟ್ಟ ಮೇಲೆ ಇಂದಿರೆಯ ದಾರಿಯನ್ನು ಬಹುಮಟ್ಟಿಗೆ ಹಿತೈಷಿಗಳಾದ ಗಂಡಸರೇ ಸವರಿಸುತ್ತಾರೆ. ಅವಳ ಅಂತರಂಗದ ತುಯ್ದಾಟಕ್ಕೆ ಕರ್ತೃ ಕೊಟ್ಟ ಅವಕಾಶ ಕಡಮೆ. ಜೋಳಂತೆ ಅವಳು ತನ್ನ ಕೋಪದೊಡನೆ ಸೆಣಸುವುದನ್ನು ನಾವು ಕಾಣೆವು. ಈ ಕೊರತೆಯನ್ನೂ ಮರೆಮಾಚದೆ ತೋರಿಸಬೇಕು. ಒಂದೇ ತರಗತಿಯಲ್ಲಿ ಜೋ ಮತ್ತು ಇಂದಿರೆಯರನ್ನು ಅಕ್ಕಪಕ್ಕದಲ್ಲಿ ಇರಿಸಿದರೆ, ಒಬ್ಬಳಲ್ಲಿ ಒಳಗಿನ ಹೋರಾಟವೂ ಇನ್ನೊಬ್ಬಳಲ್ಲಿ ಹೊರಗಿನ ಸಾಹಸವೂ ಪ್ರಧಾನವಾಗಿರುವುದು ತಾನಾಗಿ ವ್ಯಕ್ತವಾಗುತ್ತದೆ.

೬

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ೧೯೭೬ರಲ್ಲಿ ಪ್ರಕಟವಾಯಿತು. ೧೯೮೩ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಸಿದರು. ಇದು ಕಿಶೋರ ಕಾದಂಬರಿಯಲ್ಲ. ಆದರೂ ಪ್ರೌಢ ವಿದ್ಯಾರ್ಥಿಗಳು ಇದನ್ನು ಓದಲೇಬೇಕು. ಏಕೆಂದರೆ ಕಿಶೋರಾವಸ್ಥೆಯನ್ನೇ ಕಸಿದುಕೊಂಡ ಹೆಣ್ಣೊಬ್ಬಳು ಹೇಗೆ ಬೆಳೆಯುತ್ತಾಳೆಂಬುದು ಇಲ್ಲಿಯ ವಸ್ತು. ಒಂಬತ್ತರ ವಯಸ್ಸಿನಲ್ಲಿ ಮದುವೆ, ಅದರ ಬೆನ್ನಿಗೇ ವೈಧವ್ಯ. ಅನಂತರ ಕೇಶಮುಂಡನ, ಒಪ್ಪೊತ್ತು, ಮಡಿ. ಮಲೆನಾಡಿನ ತುಂಬಿದ ಮನೆಯ ಮೂಲೆಯಲ್ಲಿ ಸದ್ದಿಲ್ಲದೆ ದುಡಿಯುತ್ತ ಈಕೆ ನೂರು ವರ್ಷಗಳಿಗೂ ಮಿಕ್ಕಿ ಬಾಳುತ್ತಾಳೆ. ಶೀಲದ ಮಾನದಂಡದಿಂದ ಅಳೆದರೆ ಇವಳಷ್ಟು ಪರಿಪೂರ್ಣಳಾದ ನಾಯಿಕೆ ಸಿಕ್ಕಲಾರಳು. ಉಪಾಧ್ಯಾಯರಿಗೆ ಇಲ್ಲಿಯೇ ಎಚ್ಚರ ಬೇಕು. ಸಹನೆಯೇ ಫಣಿಯಮ್ಮನ ಹಿರಿಮೆಯೆಂದು ಬೋಧಿಸಿದರೆ ಕಾದಂಬರಿಗೆ ಅನ್ಯಾಯವಾಗುತ್ತದೆ.

ವಾಸ್ತವವಾಗಿ ಅವಳ ವಿಕಾಸ ಗುಪ್ತಗಾಮಿನಿಯಂಥದು. ತನಗಾದುದನ್ನು ಅವಳು ಪ್ರತಿಭಟಿಸಲಿಲ್ಲ, ನೋಡುತ್ತಿದ್ದಳು. ನೋಡಿದುದರಿಂದ ಸ್ವಂತ ತೀರ್ಮಾನಗಳಿಗೆ ಬಂದಳು. ಹೆರಿಗೆಯ ಸಂಕಟದಲ್ಲಿದ್ದ, ಅಸ್ಪೃಶ್ಯಳೆನಿಸಿದ ಹೆಣ್ಣೊಬ್ಬಳಿಗೆ ಮಡಿಯನ್ನು ಬದಿಗಿಟ್ಟು ಕೈಯಾರೆ ನೆರವಾದಳು. ಮುಂದೆ ದಾಕ್ಷಾಯಿಣಿಯೆಂಬ ತರುಣವಿಧವೆ ಕೇಶಮುಂಡನಕ್ಕೆ ಒಪ್ಪದೆ ನಿಂತಾಗ, ಊರೆಲ್ಲ ಒಂದಾದರೂ ವೃದ್ಧೆ ಫಣಿಯಮ್ಮ ಆ ಹುಡುಗಿಯ ಪಕ್ಷ ವಹಿಸಿದಳು. ತನಗೆ ಸಿಗದ ಯೌವನವನ್ನು ಇನ್ನೊಬ್ಬಳಿಗಾದರೂ ಉಳಿಸಿಕೊಡುವಲ್ಲಿ ಅವಳ ಬಾಳಿನ ಬೆಳವಣಿಗೆ ಪೂರ್ಣವಾಯಿತು. ವಿಕಾಸವೆಂದರೆ ಮೂರು ವರ್ಷಗಳಲ್ಲಿ ಮುಗಿಯುವ ಕಾರ್ಯವೆಂದು ಇಂಗ್ಲಿಷ್ ಶಾಲಾಕಾದಂಬರಿಗಳನ್ನೋದಿ ತಿಳಿದುಕೊಂಡವರಿಗೆ, ಅದು ಒಂದು ತಲೆಯಲ್ಲಿ ಬಿತ್ತಿ ಮತ್ತೊಂದು ತಲೆಯಲ್ಲಿ ಕೊಯ್ಯುವ ಬೆಳೆಯೂ ಆಗಿರಬಹುದೆಂದು ಈ ಕೃತಿ ತಿಳಿಸುತ್ತದೆ. ಜೋಳ ತಾಯಿ ನಲವತ್ತು ವರ್ಷ ಕೋಪವನ್ನು ನುಂಗಿದಳು. ಫಣಿಯಮ್ಮ ಎಷ್ಟು ವರ್ಷ ಏನನ್ನು ನುಂಗಿದಳೆಂದು ವಿದ್ಯಾರ್ಥಿಗಳು ಲೆಕ್ಕ ಹಾಕಲಿ.

೭

ಇಲ್ಲಿ ಒಂದು ಆಕ್ಷೇಪಣೆಯನ್ನು ವಿಚಾರಿಸಬೇಕಾಗಿದೆ. ಸಾಹಿತ್ಯದಿಂದ ನೀತಿಯನ್ನೇ ಬೇರ್ಪಡಿಸಿದರೆ ಮಕ್ಕಳು ಕೆಡುವುದಿಲ್ಲವೇ, ಪರಊರಿನಲ್ಲಿ ನಮ್ಮ ಸಂಸ್ಕಾರ ಉಳಿಯಲು ಕಥೆಗಳೇ ಆಧಾರವಲ್ಲವೇ ಎಂದು ಹಿರಿಯರು ಕೇಳಬಹುದು. ಅವರ ಕಳವಳ ಹುಸಿಯಲ್ಲ. ನೆಲವನ್ನು ಬಿಟ್ಟುಬಂದವರು ನಡತೆಯನ್ನು ಬಿಗಿಯಾಗಿ ಹಿಡಿಯುವುದು ಸ್ವಾಭಾವಿಕ. ಆ ಹಿಡಿತದ ಭಾರ ಮಗನಿಗಿಂತ ಮಗಳ ಮೇಲೆ ಹೆಚ್ಚು ಬೀಳುತ್ತದೆಂಬುದನ್ನು ಮಾತ್ರ ಅವರೂ ಒಪ್ಪಿಯಾರು. ನಮ್ಮ ಉತ್ತರವಿಷ್ಟೆ: ನೀತಿಯನ್ನು ಬೇರ್ಪಡಿಸುವುದು ನಮ್ಮ ಉದ್ದೇಶವಲ್ಲ. ಇಂದಿರೆ ಮನೆ ಬಿಟ್ಟದ್ದು ನೀತಿಗಾಗಿ. ಫಣಿಯಮ್ಮ ಮಡಿ ಬಿಟ್ಟದ್ದು ಕರುಣೆಗಾಗಿ. ಆ್ಯನ್ ವಿದ್ಯಾರ್ಥಿವೇತನ ಬಿಟ್ಟದ್ದು ಒಲವಿಗಾಗಿ. ಆರಿಸಿಕೊಳ್ಳುವ ಶಕ್ತಿಯಿಲ್ಲದಲ್ಲಿ ಶೀಲಕ್ಕೂ ಅರ್ಥವಿಲ್ಲ. ಆ ಶಕ್ತಿ ನಾಯಿಕೆಯಲ್ಲಿ ಹೇಗೆ ಹುಟ್ಟಿತು, ಎಲ್ಲಿ ಕುಂಠಿತವಾಯಿತು ಎಂದು ಹುಡುಕುವುದೇ ಪಾತ್ರವಿಕಾಸದ ಪಾಠ.

ಕಾರ್ಯರೂಪದ ವಿಷಯದಲ್ಲಿ ಎರಡು ಮಾತು. ಸಂಘಸಂಸ್ಥೆಗಳು ನಡೆಸುವ ಕನ್ನಡ ತರಗತಿಗಳಲ್ಲಿ ಅಕ್ಷರಾಭ್ಯಾಸ ಮುಗಿದ ಮಕ್ಕಳಿಗೆ ಸಾಮಾನ್ಯವಾಗಿ ನೀತಿಕಥೆಗಳನ್ನು ಕೊಡುತ್ತೇವೆ. ಹನ್ನೆರಡು ದಾಟಿದವರಿಗೆ ಅದು ಸಾಲದು. ಅವರು ಇಂಗ್ಲಿಷಿನಲ್ಲಿ ಓದಿ ಮೆಚ್ಚಿದ ನಾಯಿಕೆಯನ್ನೇ ಕನ್ನಡದಲ್ಲಿ ಚರ್ಚಿಸಲು ಹೇಳಬೇಕು; ಜೋ ಕಥೆಗಳನ್ನು ಸುಟ್ಟದ್ದು ಸರಿಯೇ ಎಂಬುದನ್ನು ಕನ್ನಡದಲ್ಲಿ ವಾದಿಸಲಿ, ತಪ್ಪು ಕನ್ನಡದಲ್ಲಿಯಾದರೂ ವಾದಿಸಲಿ. ಅದರೊಡನೆ 'ಇಂದಿರಾಬಾಯಿ'ಯ ಆಯ್ದ ಅಧ್ಯಾಯಗಳನ್ನೂ 'ಫಣಿಯಮ್ಮ'ನ ಕೆಲವು ಪ್ರಸಂಗಗಳನ್ನೂ ಗಟ್ಟಿಯಾಗಿ ಓದಿಸಬೇಕು. ಹತ್ತೊಂಬತ್ತನೆಯ ಶತಮಾನದ ಭಾಷೆ ಕಠಿನವಾಗಬಹುದು. ಉಪಾಧ್ಯಾಯರು ಬಿಡಿಸಿ ಹೇಳಿದರೆ ಸಾಕು. ಮನೆ ಬಿಟ್ಟು ನಡೆದ ಹುಡುಗಿಯ ಕಥೆ ತಮ್ಮ ಮನೆಮಾತಿನಲ್ಲಿಯೇ, ೧೮೯೯ರಷ್ಟು ಹಿಂದೆಯೇ ಇದೆಯೆಂದು ತಿಳಿದಾಗ ಮಕ್ಕಳ ಮುಖದಲ್ಲಿ ಮೂಡುವ ಬೆರಗು ವ್ಯರ್ಥವಾಗದು.

ಎರಡನೆಯದು ನಮ್ಮ ಲೇಖಕ-ಲೇಖಕಿಯರಿಗೆ ಸಂಬಂಧಿಸಿದ್ದು. ಹೊರನಾಡಿನ ಕನ್ನಡ ಹುಡುಗ ಹುಡುಗಿಯರ ಬಾಳು ಕಾದಂಬರಿಗೆ ಒಳ್ಳೆಯ ವಸ್ತು. ಮೂರು ನಾಲ್ಕು ಭಾಷೆಗಳ ನಡುವೆ, ಎರಡು ಬಗೆಯ ನಿರೀಕ್ಷೆಗಳ ನಡುವೆ ಬೆಳೆಯುವ ಕಿಶೋರಿಯ ಕಥೆಯನ್ನು ಅವಳ ವಯಸ್ಸಿನವರು ಓದುವಂತೆ ಬರೆದುಕೊಡುವ ಭಾರ ನಮ್ಮ ಮೇಲಿದೆ. ಆ ನಾಯಿಕೆ ಕೋಪಿಷ್ಠಳಾಗಿರಲಿ, ವಾಚಾಳಿಯಾಗಿರಲಿ, ತಪ್ಪು ಮಾಡಲಿ. ಕೊನೆಯ ಪುಟದಲ್ಲಿ ಅವಳು ಯಾರ ಮನೆ ಸೇರಿದಳೆಂಬುದಕ್ಕಿಂತ, ಮೊದಲ ಪುಟದಿಂದ ಎಷ್ಟು ದೂರ ತನ್ನ ಕಾಲಿನಿಂದಲೇ ನಡೆದಳೆಂಬುದು ಮುಖ್ಯವಾಗಲಿ.